ಹೆಬ್ಬೆರಳಿನಷ್ಟು ಗೊತ್ತಿಲ್ಲ

ಊರಾಚೆ, ನೀಲಗಿರಿ ತೋಪಿನ ಮಗ್ಗುಲಲ್ಲಿ, ಗಾಳಿಯನ್ನು ಕೊಳವೆಯೊಳಗೆ ಹಿಡಿದು ಓಡಿಸುವ ಒಂದು ಪ್ರಯೋಗಾಲಯವಿತ್ತು. ಯಾವ ವಿಮಾನವೇ ಆಗಲಿ, ಆಕಾಶಕ್ಕೇರುವ ಮುಂಚೆ ಅದರ ಪುಟ್ಟ ಮಾದರಿ ಅಲ್ಲಿಗೆ ಬರುತ್ತಿತ್ತು. ಆಕಾಶದಲ್ಲಿ ವಿಮಾನ ಓಡುತ್ತದೆ. ಅಲ್ಲಿ ಮಾದರಿ ನಿಂತಿರುತ್ತಿತ್ತು, ಗಾಳಿ ಓಡುತ್ತಿತ್ತು.

ಅಲ್ಲಿದ್ದ ಹಿರಿಯರು ಅನಸೂಯಮ್ಮ. ಇಪ್ಪತ್ತೈದು ವರ್ಷಗಳಿಂದ ಅವರು ಮಾಡುತ್ತಿದ್ದುದು ಒಂದೇ ಕೆಲಸ, ರೆಕ್ಕೆಗಳಿಗೆ ಬಣ್ಣ ಹೊಡೆಯುವುದು. "ಅಷ್ಟೊಂದು ಓದಿ ಕೊನೆಗೆ ಪೇಂಟರ್ ಆದಳು" ಎಂದು ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಅವರ ಅಣ್ಣ ಛೇಡಿಸುತ್ತಿದ್ದನಂತೆ. ಅವರು ಸುಮ್ಮನೆ ಒಬ್ಬಟ್ಟು ತಿಂದು ಬರುತ್ತಿದ್ದರಂತೆ.

ಚಳ್ಳಕೆರೆ ಕಡೆಯ ತಿಪ್ಪೇಶ ನಾಲ್ಕು ವರ್ಷಗಳಿಂದ ಅವರ ಕೈಕೆಳಗೆ ಕಲಿಯುತ್ತಿದ್ದ. ಬಂದ ಮೊದಲ ದಿನವೇ ಕೇಳಿದ್ದ.

"ಮೇಡಂ, ಗಾಳಿ ಎಷ್ಟು ಒತ್ತುತ್ತೆ ಅಂತ ಬಣ್ಣಕ್ಕೆ ಹೇಗೆ ಗೊತ್ತಾಗುತ್ತೆ?"

ಅನಸೂಯಮ್ಮ ಬಾಯಲ್ಲಿ ಉತ್ತರ ಹೇಳಲಿಲ್ಲ. ತಿಳಿ ಗುಲಾಬಿ ಬಣ್ಣ ಹೊಡೆದ ತಗಡೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕೋಣೆಯ ದೀಪ ಆರಿಸಿ, ತಗಡಿನ ಮೇಲೆ ನೀಲಿ ಬೆಳಕು ಬಿಟ್ಟರು. ತಗಡು ಕೆಂಪಗೆ ಹೊಳೆಯಿತು.

ಆಮೇಲೆ ಪಂಪು ಹಾಕಿ ಪೆಟ್ಟಿಗೆಯ ಗಾಳಿಯನ್ನು ಹೊರಗೆ ಎಳೆದರು. ಗಾಳಿ ಕಡಿಮೆಯಾದಂತೆ ಹೊಳಪು ಏರಿತು. ಗಾಳಿಯನ್ನು ಮತ್ತೆ ಒಳಗೆ ಬಿಟ್ಟರು. ತಗಡು ಮಂಕಾಯಿತು.

"ಗಾಳಿಯಲ್ಲಿರೋ ಆಮ್ಲಜನಕ ಈ ಬೆಳಕನ್ನ ನುಂಗುತ್ತೆ. ಗಾಳಿ ಜಾಸ್ತಿ ಒತ್ತಿದ ಕಡೆ ಮಂಕು, ಒತ್ತಡ ಕಮ್ಮಿ ಇರೋ ಕಡೆ ಹೊಳಪು. ಕ್ಯಾಮೆರಾ ಅದನ್ನ ನೋಡುತ್ತೆ, ನಾವು ಲೆಕ್ಕ ಹಾಕ್ತೀವಿ. ಅಷ್ಟೇ ಕಣಪ್ಪ."

"ಒತ್ತಡ ಬಿದ್ರೆ ಮನುಷ್ಯರೂ ಮಂಕಾಗ್ತಾರಲ್ಲ ಮೇಡಂ," ಎಂದು ತಿಪ್ಪೇಶ ನಕ್ಕ.

"ಆಗ್ತಾರೆ. ಆದ್ರೆ ಅದನ್ನ ಮುಚ್ಚಿಡ್ತಾರೆ," ಎಂದರು ಅನಸೂಯಮ್ಮ. ಅವರು ನಗಲಿಲ್ಲ.

ಅವರಲ್ಲೊಂದು ಪದ್ಧತಿಯಿತ್ತು. ಪ್ರತಿ ಪರೀಕ್ಷೆಗೂ ಮೂರು ಫೋಟೊ. ಗಾಳಿ ಬಿಡುವ ಮುಂಚೆ ಒಂದು, ಗಾಳಿ ಓಡುವಾಗ ಒಂದು, ಗಾಳಿ ನಿಂತ ಮೇಲೆ ಇನ್ನೊಂದು. ಮೊದಲನೆಯದು ಅಳತೆಗೋಲು, ಎರಡನೆಯದು ಅಳತೆ, ಮೂರನೆಯದು ಸಾಕ್ಷಿ. ನಡುವೆ ಬಣ್ಣ ಕೆಟ್ಟಿಲ್ಲ ಎಂದು ಹೇಳುವುದಷ್ಟೇ ಮೂರನೆಯದರ ಕೆಲಸ.

ಆ ಮೂರನೆಯದಕ್ಕೆ ತಿಪ್ಪೇಶನಿಗೆ ಬೇಸರ. ಗಾಳಿ ಪೂರ್ತಿ ನಿಲ್ಲಬೇಕು, ಕೊಳವೆ ತಣಿಯಬೇಕು. ಹೊಟ್ಟೆ ಚುರುಗುಟ್ಟುವ ಹೊತ್ತಿಗೇ ಈ ಕಾಯುವಿಕೆ ಬರುತ್ತಿತ್ತು.

"ನೂರು ಸಲ ತೆಗೆದಿದ್ದೀವಿ ಮೇಡಂ. ನೂರು ಸಲವೂ ಮೊದಲನೇದರ ಹಾಗೇ ಇದೆ."

"ನೂರಾ ಒಂದನೇ ಸಲಕ್ಕೆ ತೆಗಿ."

ಹೀಗಿರುವಾಗ ಒಂದು ಹೊಸ ವಿಮಾನದ ರೆಕ್ಕೆ ಪರೀಕ್ಷೆಗೆ ಬಂತು. ಅದರ ವಿನ್ಯಾಸದ ಮುಖ್ಯಸ್ಥರು ಧಾರವಾಡ ಕಡೆಯ ಇನಾಮದಾರರು. ಅದನ್ನು ಮೊದಲ ಸಲ ಪೂರ್ತಿ ವೇಗದಲ್ಲಿ ಹಾರಿಸಬೇಕಾದವರು ಕೊಡಗಿನ ಪೈಲಟ್ ಚಂಗಪ್ಪ. ಹಾರಾಟಕ್ಕೆ ಹತ್ತೇ ದಿನ ಉಳಿದಿತ್ತು.

"ಈ ಸಲ ಕೆಲಸ ತಿಪ್ಪೇಶಂದು. ವರದಿ ಮೇಲೂ ಅವನ ಹೆಸರೇ. ನಾನು ಬರೀ ನೋಡೋಳು," ಎಂದು ಅನಸೂಯಮ್ಮ ಎಲ್ಲರೆದುರು ಹೇಳಿದರು.

ತಿಪ್ಪೇಶ ಅಂದೇ ಊರಿಗೆ ಫೋನು ಮಾಡಿದ. ಅವನ ಅವ್ವ ಹೆಬ್ಬೆಟ್ಟು ಒತ್ತುವ ಹೆಂಗಸು. ಮಗನ ಹೆಸರು ವಿಮಾನದ ಕಾಗದದ ಮೇಲೆ ಬರುತ್ತದೆ ಎಂದು ಕೇಳಿ ಅವಳು ಓಣಿಗೆಲ್ಲ ಹೇಳಿಕೊಂಡು ಬಂದಳು.

ಪರೀಕ್ಷೆಯ ದಿನ ಮೊದಲ ಫೋಟೊ ತೆಗೆದಾಯಿತು. ಕೊಳವೆಯ ಬಾಗಿಲು ಮುಚ್ಚಬೇಕು ಎನ್ನುವಷ್ಟರಲ್ಲಿ ರೆಕ್ಕೆಯ ಮೇಲೆ ಹತ್ತಿಯ ಒಂದು ಎಳೆ ಅವನ ಕಣ್ಣಿಗೆ ಬಿತ್ತು. ಕೈಗವಸಿನಲ್ಲಿ ಅದು ಸಿಗಲಿಲ್ಲ. ಬಲಗೈಯ ಕೈಗವಸು ಕಳಚಿ, ಉಗುರಿನ ತುದಿಯಲ್ಲಿ ಚಿವುಟಿ ತೆಗೆದ. ರೆಕ್ಕೆ ಚೂರು ಅಲುಗಿತು. ಮಗುವಿನ ತಲೆ ವಾಲಿದರೆ ಕೈ ತಾನಾಗಿ ಹೋಗುವುದಿಲ್ಲವೇ, ಹಾಗೆ ಅವನ ಹೆಬ್ಬೆರಳು ಹೋಗಿ ರೆಕ್ಕೆಯನ್ನು ಹಿಡಿದು ನಿಲ್ಲಿಸಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಗಾಳಿ ಓಡಿತು. ಎರಡನೆಯ ಫೋಟೊ. ಗಾಳಿ ನಿಂತಿತು. ಮೂರನೆಯ ಫೋಟೊ.

ಮಧ್ಯಾಹ್ನ ಒಬ್ಬನೇ ಕಂಪ್ಯೂಟರಿನ ಮುಂದೆ ಕೂತು ಎರಡನೆಯ ಫೋಟೊವನ್ನು ಮೊದಲನೆಯದರಿಂದ ಭಾಗಿಸಿದ. ರೆಕ್ಕೆಯ ಬೆನ್ನ ಮೇಲೆ, ತುದಿಯ ಹತ್ತಿರ, ಒಂದು ಕಪ್ಪು ಚುಕ್ಕೆ. ಅಂದರೆ ಅಲ್ಲಿ ಗಾಳಿ ಬಲವಾಗಿ ಒತ್ತುತ್ತಿದೆ. ಯಾವ ಲೆಕ್ಕವೂ ಹೇಳದ ಒತ್ತಡ! ಹೊಸದೇನೋ ಸಿಕ್ಕಿತೆಂದು ಅವನ ಎದೆ ಹೊಡೆದುಕೊಂಡಿತು.

ಆಮೇಲೆ ಮೂರನೆಯ ಫೋಟೊ ತೆರೆದ. ಗಾಳಿ ನಿಂತ ಮೇಲೂ ಚುಕ್ಕೆ ಅಲ್ಲೇ ಇತ್ತು. ದೊಡ್ಡದು ಮಾಡಿ ನೋಡಿದ. ಅದರಲ್ಲಿ ಸುತ್ತುಸುತ್ತಾಗಿ ಗೆರೆಗಳಿದ್ದವು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ತಿಪ್ಪೇಶ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ.

ಚರ್ಮದ ಎಣ್ಣೆ ಕುಡಿದ ಬಣ್ಣಕ್ಕೆ ಗಾಳಿ ಸರಿಯಾಗಿ ತಿಳಿಯುವುದಿಲ್ಲ. ಬಣ್ಣ ಕಿತ್ತು, ಬೇರೆ ಹೊಡೆದು, ಒಣಗಿಸಿ, ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ಆದರೆ ನಾಳೆಯಿಂದ ಕೊಳವೆ ಬೇರೆಯವರದು. ಮತ್ತೆ ಸರದಿ ಬರುವುದು ಮೂರು ವಾರದ ಮೇಲೆ. ಅಷ್ಟರಲ್ಲಿ ಹಾರಾಟದ ದಿನ ಕಳೆದಿರುತ್ತದೆ. ಯಾರಿಂದ ನಿಂತಿತು ಎಂದು ಎಲ್ಲರೂ ಕೇಳುತ್ತಾರೆ.

ಕಂಪ್ಯೂಟರಿನಲ್ಲಿ ಇದಕ್ಕೊಂದು ಉಪಾಯವಿದೆ. ಕಲೆಯ ಸುತ್ತ ಗೆರೆ ಎಳೆದು ಒಂದು ಗುಂಡಿ ಒತ್ತಿದರೆ ಸುತ್ತಲಿನ ಅಂಕಿಗಳು ಒಳಕ್ಕೆ ಹರಿದು ಅದನ್ನು ತುಂಬುತ್ತವೆ. ತಿಪ್ಪೇಶ ಗೆರೆ ಎಳೆದ. ಆಮೇಲೆ ಗುಂಡಿ ಒತ್ತಿದ.

ಚಿತ್ರ ಚೆನ್ನಾಗಿ ಬಂತು. ನೀಲಿಯಿಂದ ಹಸಿರು, ಹಸಿರಿನಿಂದ ಹಳದಿ, ಹಳದಿಯಿಂದ ಕೆಂಪು. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತಡ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಅನಸೂಯಮ್ಮನವರ ಮೇಜಿನ ಮೇಲೆ ಹರಡಿದ.

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಹಾಳೆಯನ್ನು ಓರೆ ಮಾಡಿ ನೋಡಿದರು. ಕೊನೆಗೆ ರೆಕ್ಕೆಯ ತುದಿಯ ಹತ್ತಿರ ಬೆರಳಿಟ್ಟರು.

"ದೂರದ ಬೆಟ್ಟ ನುಣ್ಣಗೆ ಅಂತಾರೆ. ಇದು ಹತ್ತಿರದಿಂದಲೂ ನುಣ್ಣಗಿದೆಯಲ್ಲ?"

ತಿಪ್ಪೇಶ ಹಾಳೆಯ ಅಂಚು ಸರಿಮಾಡಿದ.

"ಎಲ್ಲಾ ಕಡೆ ಬಣ್ಣ ತರಿತರಿಯಾಗಿದೆ. ಇಲ್ಲೊಂದೇ ಕಡೆ ತರಿ ಇಲ್ಲ. ಈ ಅಂಕಿ ಯಾರು ಹೇಳಿದ್ದು?"

ಅವನು ಹೇಳಿಬಿಟ್ಟ. ಹತ್ತಿಯ ಎಳೆ, ಕಳಚಿದ ಕೈಗವಸು, ಹೆಬ್ಬೆರಳು, ಗುಂಡಿ, ಎಲ್ಲವನ್ನೂ. ಬೈದರೆ ಸಾಕು, ಬೈಸಿಕೊಂಡು ಹಗುರಾಗುತ್ತೇನೆ ಎನ್ನಿಸಿತು. ಅವರು ಬೈಯಲಿಲ್ಲ.

"ಸುತ್ತ ನಾಲ್ಕೂ ಕಡೆ ಒಂದೇ ಥರ ಇದೆ ಮೇಡಂ. ನಡುವೆ ಮಾತ್ರ ಬೇರೆ ಇರೋಕೆ ಸಾಧ್ಯವೇ ಇಲ್ಲ. ಯಾರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ."

"ಹಾಗಾದ್ರೆ ಬಣ್ಣ ಯಾಕೆ ಹೊಡೆದ್ವಿ?"

ಅನಸೂಯಮ್ಮ ಕೈ ಚಾಚಿದರು.

"ಕತ್ತರಿ ಕೊಡು."

ಅವನು ಕೊಟ್ಟ. ಅನಸೂಯಮ್ಮ ಹಾಳೆಯನ್ನು ಎತ್ತಿ ಹಿಡಿದು, ರೆಕ್ಕೆಯ ತುದಿಯ ಹತ್ತಿರ ಕತ್ತರಿಯ ಮೊನೆ ತೂರಿಸಿ, ಹೆಬ್ಬೆರಳಿನಗಲದ ಒಂದು ತುಂಡನ್ನು ಕತ್ತರಿಸಿ ತೆಗೆದರು. ಚಿತ್ರದಲ್ಲಿ ತೂತು ಬಿತ್ತು. ತೂತಿನಾಚೆ ಅವರ ಸೀರೆ ಕಾಣಿಸಿತು.

"ಬೂದು ಬಣ್ಣನೋ ಬಿಳಿನೋ ಹಾಕಬಹುದಿತ್ತಲ್ಲ ಮೇಡಂ," ಎಂದ ತಿಪ್ಪೇಶ.

"ಅದೂ ಒಂದು ಒತ್ತಡ ಅಂದ್ಕೋತಾರೆ. ಗೊತ್ತಿಲ್ಲ ಅನ್ನೋದಕ್ಕೆ ನಮ್ಮ ಹತ್ರ ಬಣ್ಣ ಇಲ್ಲ ಕಣೋ."

ಹಾಳೆಯನ್ನು ಸುತ್ತಿ ಅವನ ಕೈಗಿಟ್ಟರು.

"ನಾಳೆ ಸಭೆಗೆ ನೀನೇ ತಗೊಂಡು ಹೋಗು. ನಾನು ಹಿಂದೆ ಕೂತಿರ್ತೀನಿ."

ಮಾರನೆಯ ದಿನ ಸಭೆಯಲ್ಲಿ ಹಾಳೆ ಗೋಡೆಗೇರಿತು. ಇನಾಮದಾರರು ಎದ್ದು ಬಂದು ತೂತಿನೊಳಗೆ ಕಣ್ಣಿಟ್ಟು ನೋಡಿದರು.

"ಏನ್ರೀ ತಿಪ್ಪೇಶ, ಇದೇನಿದು? ನಾ ರೆಕ್ಕಿ ಚಿತ್ರ ಕೇಳಿದ್ರ ನೀವು ತೂತು ಬಿದ್ದ ಹಾಳಿ ತಂದೀರಲ್ಲ!"

"ಅಲ್ಲಿ ನನ್ನ ಹೆಬ್ಬೆರಳು ತಾಗಿದೆ ಸಾರ್. ಅಲ್ಲಿನ ಅಂಕಿ ನಮಗೆ ಸಿಕ್ಕಿಲ್ಲ. ಕೊಳವೆ ಮತ್ತೆ ಸಿಗೋದು ಮೂರು ವಾರದ ಮೇಲೆ."

ಯಾರೋ ಕಿಸಕ್ಕನೆ ನಕ್ಕರು. ಇನಾಮದಾರರಿಗೆ ಸಿಟ್ಟು ಬಂದಿತ್ತು. ಆದರೆ ಅವರು ಕೆಟ್ಟವರಲ್ಲ. ಹುಡುಗನನ್ನು ಪಾರುಮಾಡಬೇಕೆಂದೇ ದನಿ ಇಳಿಸಿದರು.

"ನೋಡ್ರಿ, ಎಲ್ಲಾರ ಮನಿ ದೋಸಿನೂ ತೂತ ಇರ್ತದ. ಯಾರರ ಅದನ್ನ ಊರಿಗೆಲ್ಲಾ ತೋರಸ್ತಾರೇನು? ಅಕ್ಕಪಕ್ಕದ ಅಂಕಿ ತಗೊಂಡು ತುಂಬಿ ಕೊಡ್ರಿ. ಸಂಜಿ ಒಳಗ ಸಹಿ ಮಾಡಿ ಕಳಸ್ತೀನಿ."

ತಿಪ್ಪೇಶ ಹಿಂದೆ ತಿರುಗಿ ನೋಡಿದ. ಅನಸೂಯಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರು ಒಂದು ಸಲ ತಲೆಯಾಡಿಸಿದ್ದರೂ ಅವನಿಗೆ ಆಸರೆಯಾಗುತ್ತಿತ್ತು. ಆಡಿಸಲಿಲ್ಲ. ಅವರ ಮೇಲೆ ಅವನಿಗೆ ಕೋಪವೇ ಬಂತು.

"ತುಂಬಿದ್ದೆ ಸಾರ್. ತುಂಬಿದ್ದನ್ನೇ ಕತ್ತರಿಸಿ ತಂದಿದ್ದೀವಿ."

ಅಲ್ಲಿಯತನಕ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಪೈಲಟ್ ಚಂಗಪ್ಪ ಎದ್ದು ಗೋಡೆಯ ಹತ್ತಿರ ಬಂದರು. ಎತ್ತರದ ಆಳು, ಮಾತು ಕಡಿಮೆ. ತಮ್ಮ ಹೆಬ್ಬೆರಳನ್ನು ಆ ತೂತಿನೊಳಗೆ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ನಿಜವಾದ ರೆಕ್ಕೆಯಲ್ಲಿ ಇದು ಎಷ್ಟಾಗುತ್ತದೆ?"

"ಒಂದು ಗೇಣು ಸಾರ್."

"ಅಲ್ಲಿ ಏನಿದೆ?"

"ವಿಮಾನವನ್ನ ಹೊರಳಿಸೋ ಫಲಕ ಇದೆಯಲ್ಲ ಸಾರ್, ಅದರ ಮುಂದೇನೇ."

"ಅಲ್ಲಿ ಗಾಳಿಯ ಹರಿವು ಕೆಟ್ಟರೆ?"

"ಫಲಕ ನಡುಗಬಹುದು. ನೀವು ಒಂದು ಕಡೆ ಹೊರಳಿಸಿದ್ರೆ ಅದು ಮಾತು ಕೇಳದೇ ಇರಬಹುದು."

"ಕೇಳುತ್ತದೋ ಇಲ್ಲವೋ?"

ತಿಪ್ಪೇಶ ಹದಿನೆಂಟು ವರ್ಷ ಓದಿದವನು, ಚಿಕ್ಕಂದಿನಿಂದ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬಹುಮಾನ ಗೆದ್ದವನು.

"ಗೊತ್ತಿಲ್ಲ ಸಾರ್."

ಚಂಗಪ್ಪ ನಿಧಾನವಾಗಿ ಬೆರಳನ್ನು ಹೊರಗೆ ತೆಗೆದರು.

"ಗೊತ್ತಿಲ್ಲ ಎಂದು ಬರೆದ ಕಡೆ ನಾನು ಹೋಗದೆ ಇರಬಹುದು. ಗೊತ್ತಿದೆ ಎಂದು ಬರೆದಿದ್ದರೆ ನೇರ ಹೋಗುತ್ತಿದ್ದೆ," ಎಂದರು. ಇನಾಮದಾರರ ಕಡೆ ತಿರುಗಿ, "ಮೂರು ವಾರ ನಾನು ಕಾಯುತ್ತೇನೆ," ಎಂದು ಹೇಳಿ ಟೋಪಿ ಎತ್ತಿಕೊಂಡು ಹೊರಟರು.

ಹಾರಾಟ ಮುಂದಕ್ಕೆ ಹೋಯಿತು. ಮೇಲಿನವರಿಂದ ಕಾಗದ ಬಂತು. ವರದಿಯ ಹೊಣೆ ತಿಪ್ಪೇಶನಿಂದ ಅನಸೂಯಮ್ಮನವರಿಗೆ ಹೋಯಿತು. ಮರುಪರೀಕ್ಷೆಯಲ್ಲಿ ಅವನು ಬರೀ ಸಹಾಯಕ. ಕ್ಯಾಂಟೀನಿನಲ್ಲಿ ಅವನಿಗೆ ಹೊಸ ಹೆಸರು ಬಿತ್ತು, ಹೆಬ್ಬೆಟ್ಟು ತಿಪ್ಪೇಶ. ಅವ್ವ ಫೋನು ಮಾಡಿ "ಹೆಸ್ರು ಬಂತೇನೋ ಮಗಾ?" ಎಂದು ಕೇಳಿದಾಗ "ಇನ್ನೂ ಇಲ್ಲ ಕಣವ್ವ" ಎಂದ. ಫೋನಿಟ್ಟ ಮೇಲೆ ಅವನಿಗೆ ಅಳು ಬಂತು.

ಮೂರನೆಯ ವಾರ ಹಳೆಯ ಬಣ್ಣವನ್ನು ಪೂರ್ತಿ ಕಿತ್ತ. ಬಿಳಿಯ ತಳಬಣ್ಣ ಹೊಡೆದು ಒಣಗಿಸಿದ. ಅದರ ಮೇಲೆ ಗುಲಾಬಿ ಬಣ್ಣವನ್ನು ಮಂಜಿನಂತೆ ತೆಳ್ಳಗೆ, ಪದರ ಪದರವಾಗಿ ಹೊಡೆಯುತ್ತ ಏಳನೆಯದಕ್ಕೆ ಬಂದಿದ್ದ. ಕೈಗೆ ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿದ್ದ. ಅನಸೂಯಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಮೇಡಂ, ಒಂದು ಕೇಳ್ಲಾ? ನೀವು ಯಾವತ್ತೂ ಮುಟ್ಟಿಲ್ವಾ?"

"ಮುಟ್ಟಿದ್ದೀನಿ. ನಿನ್ನಷ್ಟೇ ವಯಸ್ಸು ಆಗ."

"ಏನು ಮಾಡಿದ್ರಿ?"

"ನಾನೂ ತುಂಬಿದೆ."

ತಿಪ್ಪೇಶನ ಕೈ ನಿಂತಿತು. ಬಣ್ಣದ ಪಿಚಕಾರಿಯನ್ನು ಕೆಳಗಿಟ್ಟ.

"ಯಾರಿಗೂ ಗೊತ್ತಾಗಲಿಲ್ವಾ?"

"ಇಲ್ಲ. ಶಹಬ್ಬಾಸ್ ಅಂದ್ರು."

"ಆ ವಿಮಾನಕ್ಕೆ ಏನಾಯ್ತು ಮೇಡಂ?"

"ಏನೂ ಆಗಲಿಲ್ಲ. ಹನ್ನೆರಡು ವರ್ಷ ಹಾರಿತು. ನಮ್ಮ ಮನೆ ಮೇಲೇ ಹೋಗ್ತಿತ್ತು." ಅನಸೂಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಸುಮಾರು ಹೊತ್ತು ಒರೆಸಿದರು. "ಹನ್ನೆರಡು ವರ್ಷ, ಅದು ಸದ್ದು ಮಾಡಿದಾಗಲೆಲ್ಲ ಒಲೆ ಮೇಲಿನ ಹಾಲು ಬಿಟ್ಟು ಅಂಗಳಕ್ಕೆ ಓಡ್ತಿದ್ದೆ ಕಣೋ. ಅದು ಮರೆಯಾಗೋ ತನಕ ನೋಡಿ ಒಳಗೆ ಬರ್ತಿದ್ದೆ."

ಅವರನ್ನು ಅಷ್ಟು ಕುಗ್ಗಿದ ಹಾಗೆ ತಿಪ್ಪೇಶ ಎಂದೂ ಕಂಡಿರಲಿಲ್ಲ. ಸಭೆಯ ದಿನದಿಂದ ಒಳಗೆ ಇಟ್ಟುಕೊಂಡಿದ್ದ ಕೋಪ ಅಲ್ಲೇ ಕರಗಿತು.

"ಎಂಟನೇ ಪದರ ಹೊಡಿ. ಒಣಗ್ತಾ ಇದೆ," ಎಂದರು ಅವರು.

ಮರುಪರೀಕ್ಷೆಯ ಬೆಳಗ್ಗೆ ಬಾಗಿಲು ಮುಚ್ಚುವ ಮುಂಚೆ ತಿಪ್ಪೇಶ ರೆಕ್ಕೆಯನ್ನು ಬುಡದಿಂದ ತುದಿಯತನಕ ದೀಪ ಹಿಡಿದು ನೋಡಿದ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಮೊದಲ ಫೋಟೊ. ಆಮೇಲೆ ಗಾಳಿ. ಕಟ್ಟಡದ ಗೋಡೆಗಳು ಗುಂಯ್ಗುಟ್ಟಿದವು. ಕತ್ತಲ ಕೊಳವೆಯೊಳಗೆ ನೀಲಿ ದೀಪದ ಕೆಳಗೆ ರೆಕ್ಕೆ ಕೆಂಪಗೆ ಹೊಳೆಯುತ್ತಿತ್ತು. ಎರಡನೆಯ ಫೋಟೊ. ಗಾಳಿ ನಿಂತಿತು. ಊಟದ ಗಂಟೆ ಹೊಡೆದರೂ ಅವನು ಏಳಲಿಲ್ಲ. ಕೊಳವೆ ತಣಿಯಿತು. ಮೂರನೆಯ ಫೋಟೊ.

ಮೊದಲನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಒಂದಿನಿತೂ ವ್ಯತ್ಯಾಸವಿಲ್ಲ.

ಆಮೇಲೆ ಲೆಕ್ಕ ಮಾಡಿದ. ರೆಕ್ಕೆಯ ತುದಿಯ ಹತ್ತಿರದ ಆ ಜಾಗಕ್ಕೆ ಬಂದ. ಅಂಕಿ ಬಂತು. ಹಳೆಯ ಕಡತ ತೆರೆದು, ಮೂರು ವಾರದ ಹಿಂದೆ ತಾನು ಗುಂಡಿ ಒತ್ತಿ ತುಂಬಿದ ಅಂಕಿಯನ್ನು ಪಕ್ಕದಲ್ಲಿಟ್ಟ.

ಎರಡೂ ಒಂದೇ. ಎರಡನೆಯ ದಶಾಂಶದತನಕ ಒಂದೇ.

ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೂ ಅವನು ಎರಡೂ ಅಂಕಿಗಳನ್ನು ಇನ್ನೊಮ್ಮೆ ಓದಿ ನೋಡಿದ.

"ಮೇಡಂ, ಅದೇ ಅಂಕಿ."

ಅನಸೂಯಮ್ಮ ಬಂದು ಅವನ ಹಿಂದೆ ನಿಂತು ನೋಡಿದರು.

"ಹೂಂ. ಅದೇ."

"ನಾನು ತುಂಬಿದ್ದು ಸರಿಯಾಗೇ ಇತ್ತು. ಗಾಳಿ ಅಲ್ಲಿ ಕೆಟ್ಟಿರಲೇ ಇಲ್ಲ. ಚಂಗಪ್ಪನೋರು ಅವತ್ತೇ ಹಾರಿದ್ರೂ ಏನೂ ಆಗ್ತಿರಲಿಲ್ಲ." ಅವನ ಕಣ್ಣು ತುಂಬಿತ್ತು. "ಮೂರು ವಾರ ಹೋಯ್ತು. ನನ್ನ ಹೆಸರು ಹೋಯ್ತು. ಎಲ್ಲರ ಬಾಯಲ್ಲಿ ಹೆಬ್ಬೆಟ್ಟು ಅನ್ನಿಸ್ಕೊಂಡೆ. ಇದೆಲ್ಲ ಯಾತಕ್ಕೆ ಮೇಡಂ? ಅಂಕಿ ಬದಲಾಗಲೇ ಇಲ್ಲವಲ್ಲ!"

ಅನಸೂಯಮ್ಮ ನೀಲಿ ದೀಪ ಆರಿಸಿದರು. ಅವನ ಹೆಗಲ ಮೇಲೆ ಕೈಯಿಟ್ಟರು.

"ಅವತ್ತು ಆ ಅಂಕಿ ನಿನ್ನನ್ನ ಉಳಿಸೋಕೆ ಇತ್ತು ಕಣೋ. ಇವತ್ತು ಚಂಗಪ್ಪನೋರನ್ನ ಉಳಿಸೋಕೆ ಇದೆ."